ಗೆದ್ದೆತ್ತಿನ ಬಾಲ ಎಂಬ ಬೈಗುಳ

ಅಮೆರಿಕನ್ ಫುಟ್‌ಬಾಲಿನ ಅಭಿಮಾನಿಗಳಿಗೆ ಯಾರೂ ಬರೆಯದ, ಆದರೆ ಎಲ್ಲರೂ ಬಾಯಿಪಾಠ ಮಾಡಿಕೊಂಡ ಸ್ಮೃತಿಯೊಂದಿದೆ. ಹುಟ್ಟಿದ ಊರಿನದೋ ಅಪ್ಪನಿಂದ ಬಂದದ್ದೋ ಒಂದು ತಂಡ, ಸಾಯುವವರೆಗೂ ಅದೇ. ಆ ತಂಡ ಪ್ಲೇಆಫ್‌ಗೆ ಬಾರದಿದ್ದರೆ, ಬಂದೂ ಸೋತರೆ, ಆ ವರ್ಷದ ಮಟ್ಟಿಗೆ ಅಭಿಮಾನಿಯ ಕೆಲಸ ಮುಗಿಯಿತು. ಟಿ.ವಿ. ಆರಿಸಿ ಮಲಗಬಹುದು. ಇಲ್ಲವೇ ಕೈಕಟ್ಟಿ ಕುಳಿತು, ‘ಯಾರಾದರೂ ಗೆಲ್ಲಲಿ, ಆಟ ಚೆನ್ನಾಗಿರಲಿ’ ಎಂದು ಸಜ್ಜನಿಕೆಯಿಂದ ನೋಡಬಹುದು. ಜನವರಿಯಲ್ಲಿ ಇನ್ನೊಂದು ತಂಡವನ್ನು ಹಚ್ಚಿಕೊಂಡು, ಅದು ಗೆದ್ದಾಗ ಕುಣಿದು ಸೋತಾಗ ಊಟ ಬಿಟ್ಟರೆ ಮಾತ್ರ ಅಪರಾಧ. ಅಂಥವನಿಗೆ ಅಲ್ಲಿ ಬ್ಯಾಂಡ್‌ವ್ಯಾಗನ್ ಅಭಿಮಾನಿ ಎಂದು ಹೆಸರು. ನಮ್ಮಲ್ಲಾದರೆ ಗೆದ್ದೆತ್ತಿನ ಬಾಲ ಹಿಡಿಯುವವನು.

ರೇಡಿಯೊ ಹರಟೆಗಾರರಿಂದ ಹಿಡಿದು ಬಾರಿನ ಮೂಲೆಯಲ್ಲಿ ಕೂತ ಹಿರಿಯರವರೆಗೆ ಈ ಸ್ಮೃತಿಯನ್ನು ಒಪ್ಪದವರು ಕಡಿಮೆ. ಒಪ್ಪಿದವರು ಬಹಳ ಎಂಬುದನ್ನು ಬಿಟ್ಟರೆ ಅದರ ಪರವಾಗಿ ಹೇಳಲು ಹೆಚ್ಚೇನೂ ಇಲ್ಲ. ಅದು ಪ್ಲೇಆಫ್‌ನ ಲೆಕ್ಕಕ್ಕೆ ಹೊಂದುವುದಿಲ್ಲ, ಲೀಗಿನ ಚರಿತ್ರೆಗೆ ಹೊಂದುವುದಿಲ್ಲ, ಅಭಿಮಾನಿಗಳ ನಿಜವಾದ ನಡವಳಿಕೆಗಂತೂ ಹೊಂದುವುದೇ ಇಲ್ಲ.

ಮೊದಲು ಲೆಕ್ಕ. ಈ ಆಟದ ಲೀಗಾದ ಎನ್‌ಎಫ್‌ಎಲ್‌ನಲ್ಲಿ 32 ತಂಡಗಳಿವೆ. 2020ರ ಸೀಸನ್‌ನಿಂದೀಚೆಗೆ ಪ್ಲೇಆಫ್‌ಗೆ ಹೋಗುವುದು 14. ಅಂದರೆ ಜನವರಿಯ ಮೊದಲ ವಾರ ಕಳೆಯುವಷ್ಟರಲ್ಲಿ 18 ತಂಡಗಳ ಅಭಿಮಾನಿಗಳು ತಂಡವಿಲ್ಲದವರು. ವೈಲ್ಡ್ ಕಾರ್ಡ್ ಸುತ್ತಿನಲ್ಲಿ ಆರು ಪಂದ್ಯ, ಮುಂದಿನ ಸುತ್ತಿನಲ್ಲಿ ನಾಲ್ಕು, ಆಮೇಲೆ ಎರಡು, ಕೊನೆಗೆ ಸೂಪರ್ ಬೌಲ್: ಒಟ್ಟು 13. ಪ್ರಶಸ್ತಿ ಗೆಲ್ಲುವ ತಂಡ ಕೂಡ ಇವುಗಳಲ್ಲಿ ಆಡುವುದು ಹೆಚ್ಚೆಂದರೆ ನಾಲ್ಕು. ಅಗ್ರಸ್ಥಾನ ಪಡೆದು ಮೊದಲ ಸುತ್ತಿಗೆ ರಜೆ ಸಿಕ್ಕಿದ್ದರೆ ಮೂರೇ. ಹಾಗಾಗಿ ದೇಶದ ಅತ್ಯಂತ ಅದೃಷ್ಟವಂತ ಅಭಿಮಾನಿಗೂ ಕನಿಷ್ಠ ಒಂಬತ್ತು ಪಂದ್ಯಗಳು ಬೇರೆಯವರ ಪಂದ್ಯಗಳೇ. ಪ್ಲೇಆಫ್ ಎಂದರೆ ಬಹುಪಾಲು ಬೇರೆಯವರ ತಂಡಗಳನ್ನು ನೋಡುವ ಕಾಲ. ಆ ಬಹುಪಾಲಿನ ಬಗ್ಗೆ ‘ಸುಮ್ಮನಿರು’ ಎಂಬುದನ್ನು ಬಿಟ್ಟು ಬೇರೇನೂ ಹೇಳಲಾರದ ಸ್ಮೃತಿ ಯಾರ ಉಪಯೋಗಕ್ಕೆ?

2024ರ ಫೆಬ್ರವರಿ 11ರ ಸೂಪರ್ ಬೌಲ್ ಅನ್ನು ಅಮೆರಿಕದಲ್ಲಿ 12 ಕೋಟಿ 30 ಲಕ್ಷಕ್ಕೂ ಹೆಚ್ಚು ಜನ ನೋಡಿದರು. ಆಡಿದ್ದು ಕನ್ಸಾಸ್ ಸಿಟಿ ಚೀಫ್ಸ್ ಮತ್ತು ಸ್ಯಾನ್ ಫ್ರಾನ್ಸಿಸ್ಕೊ 49ಅರ್ಸ್. ಎರಡೂ ನಗರಗಳ ಜನರನ್ನು, ಸುತ್ತಲ ಬಡಾವಣೆಗಳನ್ನೂ ತೊಟ್ಟಿಲ ಕೂಸುಗಳನ್ನೂ ಸೇರಿಸಿ ಎಣಿಸಿದರೂ, ಅದರ ಹತ್ತನೇ ಒಂದು ಪಾಲು ಆಗುವುದಿಲ್ಲ. ಬೇರೆ ಊರುಗಳಲ್ಲಿ ಚದುರಿರುವ ಅಭಿಮಾನಿಗಳನ್ನು ಉದಾರವಾಗಿ ಕೂಡಿಸಿಕೊಂಡರೂ, ಅಂದು ಪರದೆಯ ಮುಂದೆ ಕೂತವರಲ್ಲಿ ಹೆಚ್ಚಿನವರು ಆ ಸಂಜೆಗಾಗಿ ಒಂದು ಪಕ್ಷವನ್ನು ಆರಿಸಿಕೊಂಡವರೇ. ಸ್ಮೃತಿಯ ಪ್ರಕಾರ ಅವರೆಲ್ಲ ಪತಿತರು. ಇಷ್ಟು ಜನ ಪತಿತರಾಗುವ ಧರ್ಮದಲ್ಲೇ ಏನೋ ಎಡವಟ್ಟಿದೆ ಎಂದುಕೊಳ್ಳುವುದು ಹೆಚ್ಚು ಸಭ್ಯ.

ಇನ್ನು ನಡವಳಿಕೆ. ನಿಷ್ಠೆಯ ಮಾತು ಬಂದಾಗ ಎಲ್ಲರೂ ಬೆರಳು ತೋರಿಸುವುದು ನ್ಯೂಯಾರ್ಕ್ ರಾಜ್ಯದ ಬಫಲೋ ನಗರದ ಕಡೆಗೆ. ಅಲ್ಲಿನ ಬಿಲ್ಸ್ ತಂಡ 1991ರಿಂದ 1994ರವರೆಗೆ ಸತತ ನಾಲ್ಕು ಸೂಪರ್ ಬೌಲ್ ಸೋತಿತು. ಕೆಲವು ವರ್ಷಗಳಾದ ಮೇಲೆ ಸತತ 17 ಸೀಸನ್ ಪ್ಲೇಆಫ್‌ನ ಮುಖವನ್ನೇ ಕಾಣಲಿಲ್ಲ. ಆ ಬರ ಮುಗಿದದ್ದು 2017ರ ಡಿಸೆಂಬರ್ 31ರಂದು, ಮತ್ತು ಅದನ್ನು ಮುಗಿಸಿದ್ದು ಬಿಲ್ಸ್ ಅಲ್ಲ. ತಮ್ಮ ಪಂದ್ಯ ಗೆದ್ದೂ ಅವರು ಬಾಲ್ಟಿಮೋರ್ ರೇವನ್ಸ್ ಸೋಲಲಿ ಎಂದು ಕಾಯಬೇಕಾಗಿತ್ತು. ರೇವನ್ಸ್ ಎದುರು ಆಡುತ್ತಿದ್ದ ಸಿನ್ಸಿನಾಟಿ ಬೆಂಗಲ್ಸ್ ಆಗಲೇ ಸ್ಪರ್ಧೆಯಿಂದ ಹೊರಬಿದ್ದಿದ್ದ ತಂಡ. ಆಟ ಮುಗಿಯಲು ಒಂದು ನಿಮಿಷವೂ ಉಳಿದಿಲ್ಲ, ನಾಲ್ಕನೆಯ ಹಾಗೂ ಕೊನೆಯ ಅವಕಾಶ, 12 ಗಜ ಬೇಕು. ಬೆಂಗಲ್ಸ್‌ನ ಕ್ವಾರ್ಟರ್‌ಬ್ಯಾಕ್ ಆ್ಯಂಡಿ ಡಾಲ್ಟನ್ ಎಸೆದ ಚೆಂಡನ್ನು ಟೈಲರ್ ಬಾಯ್ಡ್ ಹಿಡಿದು 49 ಗಜದ ಟಚ್‌ಡೌನ್ ಮಾಡಿದರು. ಬೆಂಗಲ್ಸ್ 31, ರೇವನ್ಸ್ 27. ಬಫಲೋ ಬೀದಿಗಿಳಿಯಿತು.

ಮುಂದಿನ ದಿನಗಳಲ್ಲಿ ಬಿಲ್ಸ್ ಅಭಿಮಾನಿಗಳು ಡಾಲ್ಟನ್ ನಡೆಸುವ ಮಕ್ಕಳ ಸೇವಾಸಂಸ್ಥೆಗೆ ದೇಣಿಗೆ ಸುರಿದರು. ಬಹಳ ಮಂದಿ ಕಳಿಸಿದ್ದು 17 ಡಾಲರ್, ಬರದ ಪ್ರತಿ ವರ್ಷಕ್ಕೊಂದರಂತೆ. ಮೊತ್ತ ಲಕ್ಷಗಳನ್ನು ದಾಟಿತು. ದೇಶದಲ್ಲೇ ಕಡು ನಿಷ್ಠರೆಂದು ಹೆಸರಾದವರು ಇನ್ನೊಂದು ಊರಿನ ತಂಡಕ್ಕಾಗಿ ಗಂಟಲು ಹರಿದುಕೊಂಡಿದ್ದಷ್ಟೇ ಅಲ್ಲ, ಮರುದಿನ ಅದನ್ನು ಮರೆಯದೆ ಕೈಯಿಂದ ಹಣವನ್ನೂ ಹಾಕಿದರು.

2022ರ ಜನವರಿ 9ರ ರಾತ್ರಿ ಪಿಟ್ಸ್‌ಬರ್ಗಿನಲ್ಲಿ ನಡೆದದ್ದು ಇನ್ನೂ ವಿಚಿತ್ರ. ಸೀಸನ್‌ನ ಕೊನೆಯ ಪಂದ್ಯದಲ್ಲಿ ಲಾಸ್ ವೇಗಸ್ ರೈಡರ್ಸ್ ಮತ್ತು ಲಾಸ್ ಏಂಜಲೀಸ್ ಚಾರ್ಜರ್ಸ್ ಎದುರಾಗಿದ್ದವು. ಇಬ್ಬರಲ್ಲಿ ಯಾರು ಗೆದ್ದರೂ ಪಿಟ್ಸ್‌ಬರ್ಗ್ ಸ್ಟೀಲರ್ಸ್‌ಗೆ ಪ್ಲೇಆಫ್ ಬಾಗಿಲು ತೆರೆಯುತ್ತಿತ್ತು. ಟೈ ಆದರೆ ಆ ಎರಡೂ ತಂಡಗಳು ಒಳಗೆ, ಸ್ಟೀಲರ್ಸ್ ಹೊರಗೆ. ಎನ್‌ಎಫ್‌ಎಲ್‌ನಲ್ಲಿ ಟೈ ಅಪರೂಪ. ಆದರೆ ಅಂದು ಚಾರ್ಜರ್ಸ್ ಕೊನೆಯ ಗಳಿಗೆಯಲ್ಲಿ ಸಮ ಮಾಡಿತು, ಓವರ್‌ಟೈಮ್‌ನಲ್ಲೂ 32–32 ಆಯಿತು. ಸ್ಟೀಲರ್ಸ್ ಅಭಿಮಾನಿಗಳು ಕೆಲವು ನಿಮಿಷ ರೈಡರ್ಸ್ ಪರ, ಕೆಲವು ನಿಮಿಷ ಚಾರ್ಜರ್ಸ್ ಪರ, ಯಾರ ಕೈಯಲ್ಲಿ ಚೆಂಡಿತ್ತೋ ಅವರ ಪರ. ಗಡಿಯಾರ ಸೊನ್ನೆಯಾಗುವಾಗ ರೈಡರ್ಸ್‌ನ ಡೇನಿಯಲ್ ಕಾರ್ಲ್‌ಸನ್ 47 ಗಜದಿಂದ ಫೀಲ್ಡ್ ಗೋಲ್ ಒದ್ದರು, 35–32. ಏಕತಂಡ ವ್ರತದ ಶಾಸ್ತ್ರದಲ್ಲಿ ಈ ರಾತ್ರಿಗೆ ಯಾವ ಅಧ್ಯಾಯವಿದೆ?

ಬೆಂಗಳೂರಿಗರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. 2022ರ ಮೇ 21ರಂದು ವಾಂಖೆಡೆಯಲ್ಲಿ ಮುಂಬೈ ಇಂಡಿಯನ್ಸ್ ಡೆಲ್ಲಿ ಕ್ಯಾಪಿಟಲ್ಸ್ ಅನ್ನು ಸೋಲಿಸಿದರೆ ಮಾತ್ರ ಆರ್‌ಸಿಬಿಗೆ ಐಪಿಎಲ್ ಪ್ಲೇಆಫ್. ಪಟ್ಟಿಯ ತಳದಲ್ಲಿದ್ದ ಮುಂಬೈ ಪರವಾಗಿ ಕೆಂಪು ಅಂಗಿಯವರು ಅಂದು ಕೂಗಿದ ಕೂಗು ಮುಂಬೈಯವರಿಗೂ ಹೊಸದು. ಮುಂಬೈ ಗೆದ್ದಿತು. ಅಂದು ನೀಲಿಗೆ ಜೈ ಎಂದವರನ್ನು ಯಾರೂ ಊರಿನಿಂದ ಹೊರಹಾಕಲಿಲ್ಲ.

‘ಅದೆಲ್ಲ ಸ್ವಾರ್ಥ, ತಮ್ಮ ತಂಡಕ್ಕೆ ಅನುಕೂಲ ಅಂತ ಕೂಗಿದರು, ಮನಸ್ಸು ಕೊಡಲಿಲ್ಲ’ ಎಂದು ವ್ರತಸ್ಥರು ಹೇಳಬಹುದು. ಒಪ್ಪೋಣ. ಆದರೆ 2021ರ ಜನವರಿ 16ರ ಪ್ಲೇಆಫ್ ಪಂದ್ಯದಲ್ಲಿ ಬಿಲ್ಸ್ ವಿರುದ್ಧ ಆಡುತ್ತ ರೇವನ್ಸ್‌ನ ಲಮಾರ್ ಜ್ಯಾಕ್ಸನ್ ತಲೆಗೆ ಪೆಟ್ಟಾಗಿ ಹೊರನಡೆದಾಗ, ಗೆದ್ದ ಬಫಲೋದವರೇ ಅವರಿಗೆ ಪ್ರಿಯವಾದ, ಮಕ್ಕಳಿಗೆ ಊಟ ಒದಗಿಸುವ ಸಂಸ್ಥೆಗೆ ದೇಣಿಗೆ ಕಳಿಸಿದರು. ಅಲ್ಲಿ ಯಾವ ಅನುಕೂಲವಿತ್ತು? ಅಭಿಮಾನಿಯ ಮನಸ್ಸು ಒಂದೇ ಬಣ್ಣಕ್ಕೆ ಹೊಲಿದುಬಿಟ್ಟದ್ದಲ್ಲ ಎಂಬುದು ಅಂಕಪಟ್ಟಿಯ ಸ್ವಾರ್ಥದಿಂದಲೂ ಗೊತ್ತಾಗುತ್ತದೆ, ಸ್ವಾರ್ಥವಿಲ್ಲದ ಇಂಥ ಹೊತ್ತಿನಲ್ಲೂ ಗೊತ್ತಾಗುತ್ತದೆ.

ಇನ್ನು ಚರಿತ್ರೆ. ಏಕನಿಷ್ಠೆಯ ವಾದಕ್ಕೆ ಮೂಲ ಬಂಡವಾಳ ಊರು ಮತ್ತು ತಂಡದ ನಂಟು. ಆ ನಂಟನ್ನು ಕಡಿದವರು ಯಾರು ಎಂದು ನೋಡಿದರೆ ಅಭಿಮಾನಿಗಳ ಹೆಸರು ಒಮ್ಮೆಯೂ ಸಿಗುವುದಿಲ್ಲ. 1984ರ ಮಾರ್ಚ್ 28ರ ರಾತ್ರಿ, ಹಿಮ ಬೀಳುತ್ತಿದ್ದಾಗ, ಬಾಲ್ಟಿಮೋರ್ ಕೋಲ್ಟ್ಸ್ ತಂಡದ ಮಾಲೀಕ ರಾಬರ್ಟ್ ಅರ್ಸೆ ಸಾಮಾನು ಸಾಗಿಸುವ ಮೇಫ್ಲವರ್ ಲಾರಿಗಳನ್ನು ಕರೆಸಿ ಇಡೀ ತಂಡವನ್ನು ಇಂಡಿಯಾನಾಪೊಲಿಸ್‌ಗೆ ಎತ್ತಿಕೊಂಡು ಹೋದರು. ಬೆಳಗಾದಾಗ ಊರಿಗೆ ತಂಡವಿರಲಿಲ್ಲ. ಉಳಿದದ್ದು ತಂಡದ ವಾದ್ಯವೃಂದ. ಸಮವಸ್ತ್ರ ತೊಟ್ಟು, ಕಹಳೆ ಹಿಡಿದು, ಅದು ಹನ್ನೊಂದು-ಹನ್ನೆರಡು ವರ್ಷ ತಂಡವಿಲ್ಲದೆಯೇ ನುಡಿಸುತ್ತ ಬಂತು. ಎಲ್ಲಿ? ಬೇರೆ ಊರುಗಳ ತಂಡಗಳ ಪಂದ್ಯಗಳ ನಡುವಿನ ಬಿಡುವಿನಲ್ಲೂ ನುಡಿಸಿತು. ಪರರ ಅಂಗಳದಲ್ಲಿ ನಿಂತು ನುಡಿಸಿದ ಅವರಿಗಿಂತ ಫುಟ್‌ಬಾಲ್ ಪ್ರೀತಿಸಿದವರು ಇದ್ದಾರೆಯೇ?

ಬಾಲ್ಟಿಮೋರ್‌ಗೆ ಮತ್ತೆ ತಂಡ ಬಂದದ್ದು ಇನ್ನೊಂದು ಊರನ್ನು ಬರಿದು ಮಾಡಿ. 1995ರ ನವೆಂಬರ್‌ನಲ್ಲಿ ಆರ್ಟ್ ಮೊಡೆಲ್ ತಮ್ಮ ಕ್ಲೀವ್‌ಲ್ಯಾಂಡ್ ಬ್ರೌನ್ಸ್ ತಂಡವನ್ನು ಅಲ್ಲಿಗೆ ಒಯ್ಯುವುದಾಗಿ ಸಾರಿದರು. ಬ್ರೌನ್ಸ್ ಎಂಬ ಹೆಸರು, ದಾಖಲೆಗಳು ಕ್ಲೀವ್‌ಲ್ಯಾಂಡಿನಲ್ಲೇ ಉಳಿದವು, ಆಟಗಾರರು ಹೊರಟರು. 1999ರಲ್ಲಿ ಹೊಸ ಬ್ರೌನ್ಸ್ ಹುಟ್ಟಿತು. ಹೋದ ತಂಡ ರೇವನ್ಸ್ ಆಗಿ 2001ರ ಜನವರಿಯಲ್ಲಿ ಸೂಪರ್ ಬೌಲ್ ಗೆದ್ದಿತು. ಆ ಸಂಜೆ ಕ್ಲೀವ್‌ಲ್ಯಾಂಡಿನ ವ್ರತಸ್ಥ ಯಾರ ಪರ ಇರಬೇಕಿತ್ತು? ಹೆಸರಿನ ಪರವೋ ಹೊರಟುಹೋದವರ ಪರವೋ? ಎರಡಕ್ಕೂ ಪ್ರಮಾಣ ಹುಡುಕಬಹುದು, ಎರಡನ್ನೂ ಹಳಿಯಬಹುದು.

2000ದ ಜನವರಿ 30ರ ಸೂಪರ್ ಬೌಲ್‌ನಲ್ಲಿ ಆಡಿದ ಎರಡೂ ತಂಡಗಳು ವಲಸೆ ಬಂದವು. ಸೇಂಟ್ ಲೂಯಿಸ್ ರ್‍ಯಾಮ್ಸ್ 1995ರವರೆಗೆ ಲಾಸ್ ಏಂಜಲೀಸ್‌ನದು. ಟೆನೆಸಿ ಟೈಟನ್ಸ್ 1997ರವರೆಗೆ ಹ್ಯೂಸ್ಟನ್‌ನದು. ಅಮೆರಿಕದ ಎರಡನೆಯ ಅತಿ ದೊಡ್ಡ ನಗರವಾದ ಲಾಸ್ ಏಂಜಲೀಸ್‌ಗೆ 1995ರಿಂದ 2015ರವರೆಗೆ, 21 ಸೀಸನ್, ತನ್ನದೆಂಬ ಎನ್‌ಎಫ್‌ಎಲ್ ತಂಡವೇ ಇರಲಿಲ್ಲ. ಅಲ್ಲಿ ಒಂದು ತಲೆಮಾರೇ ಪರತಂಡಗಳನ್ನು ನೋಡುತ್ತ ಬೆಳೆಯಿತು. 2016ರಲ್ಲಿ ರ್‍ಯಾಮ್ಸ್ ವಾಪಸು ಬಂದಾಗ ಸೇಂಟ್ ಲೂಯಿಸ್ ಬರಿದಾಯಿತು. ಆ ನಗರ ಹೂಡಿದ ದಾವೆ 2021ರ ನವೆಂಬರ್‌ನಲ್ಲಿ 79 ಕೋಟಿ ಡಾಲರ್ ಒಪ್ಪಂದದಲ್ಲಿ ಮುಗಿಯಿತು. ಆ ಹಣ ಬಂದದ್ದು ನಗರ, ಜಿಲ್ಲೆ ಮತ್ತು ಕ್ರೀಡಾಂಗಣ ಪ್ರಾಧಿಕಾರದ ಪಾಲಿಗೆ. ಇಪ್ಪತ್ತು ವರ್ಷ ಅಂಗಿ ಕೊಂಡವರ ಪಾಲಿಗಲ್ಲ.

ಈಗ ಏಕನಿಷ್ಠೆಯಿಂದ ಲಾಭ ಯಾರಿಗೆ ಎಂದು ಕೇಳಬಹುದು. ಅಭಿಮಾನಿ ಎಂದಿಗೂ ಬಿಟ್ಟುಹೋಗುವುದಿಲ್ಲ ಎಂಬ ನಂಬಿಕೆಯೇ ಮಾಲೀಕನ ಅತಿ ದೊಡ್ಡ ಆಸ್ತಿ. ಬಫಲೋದ ಹೊಸ ಕ್ರೀಡಾಂಗಣಕ್ಕೆ 2022ರಲ್ಲಿ ಒಪ್ಪಂದವಾದಾಗ ಅಂದಾಜು ವೆಚ್ಚ 140 ಕೋಟಿ ಡಾಲರ್. ಅದರಲ್ಲಿ 85 ಕೋಟಿ ಸಾರ್ವಜನಿಕ ಹಣ, 60 ಕೋಟಿ ರಾಜ್ಯದ್ದು, 25 ಕೋಟಿ ಕೌಂಟಿಯದ್ದು. ತಂಡ ಊರು ಬಿಟ್ಟೀತೆಂಬ ಆತಂಕವಿಲ್ಲದಿದ್ದರೆ ಅಷ್ಟು ಹಣಕ್ಕೆ ಯಾರು ಸಹಿ ಹಾಕುತ್ತಿದ್ದರು? ನಿಷ್ಠೆಯನ್ನು ಒಂದೇ ಕಡೆಯಿಂದ ಕೇಳುವ ಈ ವ್ಯವಹಾರಕ್ಕೆ ಗ್ರೀನ್ ಬೇ ಪ್ಯಾಕರ್ಸ್ ಒಂದೇ ಅಪವಾದ. ಒಂದು ಲಕ್ಷಕ್ಕೆ ಸ್ವಲ್ಪ ಮೇಲ್ಪಟ್ಟು ಜನಸಂಖ್ಯೆಯ ಆ ಊರಿನ ತಂಡಕ್ಕೆ ಐದು ಲಕ್ಷಕ್ಕೂ ಹೆಚ್ಚು ಷೇರುದಾರರು. ಲಾಭಾಂಶವಿಲ್ಲ, ಆದರೆ ತಂಡವನ್ನು ರಾತ್ರೋರಾತ್ರಿ ಲಾರಿಗೆ ತುಂಬುವ ಮಾಲೀಕನೂ ಇಲ್ಲ. ಅಲ್ಲಿನವರು ಏಕನಿಷ್ಠೆ ಬೋಧಿಸಿದರೆ ಕೇಳಬಹುದು. ಉಳಿದ 31 ತಂಡಗಳ ಮಟ್ಟಿಗೆ ಅದು ಮಾಲೀಕರ ಪರವಾಗಿ ಅಭಿಮಾನಿಗಳೇ ಸಂಬಳವಿಲ್ಲದೆ ನಡೆಸುವ ಪ್ರಚಾರ.

ಆಟಗಾರರ ವಿಷಯಕ್ಕೆ ಬಂದರೆ ವ್ರತ ಇನ್ನೂ ತಬ್ಬಿಬ್ಬಾಗುತ್ತದೆ. 1993ರಲ್ಲಿ ಮುಕ್ತ ವರ್ಗಾವಣೆ ಬಂದ ಮೇಲೆ ಆಟಗಾರರು ಇಂದು ಇಲ್ಲಿ, ನಾಳೆ ಅಲ್ಲಿ. ಮ್ಯಾಥ್ಯೂ ಸ್ಟಾಫರ್ಡ್ 2009ರಿಂದ 12 ಸೀಸನ್ ಡೆಟ್ರಾಯಿಟ್ ಲಯನ್ಸ್‌ಗೆ ಆಡಿದರು. ಮುರಿದ ಬೆರಳು, ನೊಂದ ಬೆನ್ನು ಹೊತ್ತೂ ಆಡಿದರು. ಒಂದು ಪ್ಲೇಆಫ್ ಪಂದ್ಯವನ್ನೂ ಗೆಲ್ಲಲಾಗಲಿಲ್ಲ. 2021ರಲ್ಲಿ ಅವರನ್ನು ಲಾಸ್ ಏಂಜಲೀಸ್ ರ್‍ಯಾಮ್ಸ್‌ಗೆ ಕೊಟ್ಟು, ಬದಲಿಗೆ ಜ್ಯಾರೆಡ್ ಗಾಫ್ ಮತ್ತು ಮುಂದಿನ ಆಯ್ಕೆಹಕ್ಕುಗಳನ್ನು ಲಯನ್ಸ್ ಪಡೆಯಿತು. ಮೊದಲ ಸೀಸನ್‌ನಲ್ಲೇ ಸ್ಟಾಫರ್ಡ್ ಸೂಪರ್ ಬೌಲ್ ತಲುಪಿದರು. ಆ ವಾರ ಡೆಟ್ರಾಯಿಟ್‌ನಲ್ಲಿ ‘ಡೆಟ್ರಾಯಿಟ್ ರ್‍ಯಾಮ್ಸ್’ ಎಂದು ಬರೆದ ಅಂಗಿಗಳು ಮಾರಾಟವಾದವು. 2022ರ ಫೆಬ್ರವರಿ 13ರಂದು ರ್‍ಯಾಮ್ಸ್ 23–20ರಿಂದ ಗೆದ್ದಾಗ ಡೆಟ್ರಾಯಿಟ್ ತನ್ನದಲ್ಲದ ಗೆಲುವಿಗೆ ಕಣ್ಣೀರಿಟ್ಟಿತು.

ಎರಡು ವರ್ಷವೂ ಕಳೆದಿರಲಿಲ್ಲ. 2024ರ ಜನವರಿ 14ರಂದು ಅದೇ ಸ್ಟಾಫರ್ಡ್, ಅದೇ ರ್‍ಯಾಮ್ಸ್, ಪ್ಲೇಆಫ್ ಆಡಲು ಡೆಟ್ರಾಯಿಟ್‌ಗೇ ಬಂದರು. ಫೋರ್ಡ್ ಫೀಲ್ಡ್ ತುಂಬ ಧಿಕ್ಕಾರದ ಕೂಗು. ಲಯನ್ಸ್ 24–23ರಿಂದ ಗೆದ್ದಿತು. 1992ರ ಜನವರಿಯ ನಂತರ ಅದರ ಮೊದಲ ಪ್ಲೇಆಫ್ ಗೆಲುವು. ಕ್ರೀಡಾಂಗಣ ಗಾಫ್ ಹೆಸರನ್ನು ಜಪಿಸಿತು. ಸ್ಟಾಫರ್ಡ್‌ಗೆ ಅಂದು ಧಿಕ್ಕಾರ ಕೂಗಿದವರು 2022ರಲ್ಲಿ ಅವರಿಗಾಗಿ ಅತ್ತದ್ದು ಸುಳ್ಳೇ? ಅಲ್ಲ. ತಮ್ಮ ತಂಡವಿಲ್ಲದ ಜನವರಿಯಲ್ಲಿ ಅವರಿಗೆ ಋಣ ತೀರಿಸಬೇಕಾದ ಒಬ್ಬ ಆಟಗಾರನಿದ್ದ. ತಮ್ಮ ತಂಡವಿದ್ದ ಜನವರಿಯಲ್ಲಿ ಅವನು ಎದುರಾಳಿ. ಎರಡೂ ಬಾರಿ ಅವರಿಗೆ ಕಾರಣವಿತ್ತು. ಎರವಲು ನಿಷ್ಠೆ ಸ್ವಂತ ನಿಷ್ಠೆಯನ್ನು ಸವೆಸುತ್ತದೆ ಎಂಬ ಭಯಕ್ಕೆ ಆ ಎರಡು ಸಂಜೆಗಳೇ ಉತ್ತರ.

ವ್ರತಸ್ಥನ ಕಣ್ಣು ಎಷ್ಟು ನಂಬಿಕೆಗೆ ಅರ್ಹ ಎಂಬುದನ್ನೂ ಪರೀಕ್ಷಿಸಿದವರಿದ್ದಾರೆ. 1951ರ ನವೆಂಬರ್‌ನಲ್ಲಿ ಪ್ರಿನ್ಸ್‌ಟನ್ ಮತ್ತು ಡಾರ್ಟ್‌ಮತ್ ಕಾಲೇಜುಗಳ ನಡುವೆ ಬಹಳ ಒರಟಾದ ಪಂದ್ಯವೊಂದು ನಡೆಯಿತು. ಒಬ್ಬರ ಮೂಗು, ಇನ್ನೊಬ್ಬರ ಕಾಲು ಮುರಿದವು. ಹೇಸ್ಟಾರ್ಫ್ ಮತ್ತು ಕ್ಯಾಂಟ್ರಿಲ್ ಎಂಬ ಮನಶ್ಶಾಸ್ತ್ರಜ್ಞರು ಅದರ ಚಿತ್ರಸುರುಳಿಯನ್ನು ಎರಡೂ ಕಡೆಯ ವಿದ್ಯಾರ್ಥಿಗಳಿಗೆ ತೋರಿಸಿದರು. ಡಾರ್ಟ್‌ಮತ್ ಆಟಗಾರರ ತಪ್ಪುಗಳು ಡಾರ್ಟ್‌ಮತ್ ಹುಡುಗರಿಗೆ ಕಂಡದ್ದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಪ್ರಿನ್ಸ್‌ಟನ್ ಹುಡುಗರಿಗೆ ಕಂಡವು. ಸುರುಳಿ ಒಂದೇ. 1976ರಲ್ಲಿ ರಾಬರ್ಟ್ ಚಾಲ್ಡೀನಿ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನ ಇನ್ನೂ ಮುಜುಗರದ್ದು: ಕಾಲೇಜು ತಂಡ ಗೆದ್ದ ವಾರಾಂತ್ಯದ ನಂತರದ ಸೋಮವಾರ ವಿದ್ಯಾರ್ಥಿಗಳು ಕಾಲೇಜಿನ ಗುರುತಿರುವ ಬಟ್ಟೆಗಳನ್ನು ಹೆಚ್ಚಾಗಿ ತೊಡುತ್ತಿದ್ದರು, ‘ನಾವು’ ಎಂಬ ಮಾತು ಗೆಲುವಿನ ವರ್ಣನೆಯಲ್ಲಿ ಹೆಚ್ಚು, ಸೋಲಿನ ವರ್ಣನೆಯಲ್ಲಿ ಕಡಿಮೆ. ಗೆದ್ದೆತ್ತಿನ ಬಾಲ ಹಿಡಿಯುವ ಚಾಳಿ ಸ್ವಂತ ತಂಡದವರಲ್ಲೇ ಇದೆ. ಗೆದ್ದಾಗ ನಾವು, ಸೋತಾಗ ಅವರು. ಜನವರಿಗೆ ಮಾತ್ರ ಒಂದು ತಂಡವನ್ನು ಹಿಡಿದವನು ಕನಿಷ್ಠ ಪಕ್ಷ ತನ್ನ ಬದಲಾವಣೆಯನ್ನು ಬಾಯಿಬಿಟ್ಟು ಹೇಳುತ್ತಾನೆ. ಪಕ್ಷವಿರುವುದರಿಂದ ಅವನಿಗೆ ಆಟದ ಬಿಸಿ ತಾಗುತ್ತದೆ; ಮೂವತ್ತು ವರ್ಷದ ಹಗೆ ಇಲ್ಲದ್ದರಿಂದ ರೆಫರಿಯ ತೀರ್ಪು ಸರಿಯೋ ತಪ್ಪೋ ಎಂದು ನೋಡುವ ಕಣ್ಣೂ ಉಳಿದಿರುತ್ತದೆ. ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಕೂರುವ ತಟಸ್ಥನಿಗೆ ಎರಡನೆಯದಿದೆ, ಮೊದಲನೆಯದಿಲ್ಲ.

ಎದುರು ಪಕ್ಷದ ಬಲವಾದ ವಾದವನ್ನು ಮುಚ್ಚಿಡಬೇಕಾಗಿಲ್ಲ. ನೋವು ಉಂಡವನಿಗೆ ಮಾತ್ರ ಸಂತೋಷದ ಹಕ್ಕು ಎಂಬುದೇ ಆ ವಾದ. ಬ್ರೌನ್ಸ್ 2017ರಲ್ಲಿ 16 ಪಂದ್ಯಗಳಲ್ಲಿ 16ನ್ನೂ ಸೋತಿತು. 2018ರ ಜನವರಿ 6ರಂದು ಕೊರೆಯುವ ಚಳಿಯಲ್ಲಿ ಸಾವಿರಾರು ಅಭಿಮಾನಿಗಳು ಕ್ರೀಡಾಂಗಣದ ಸುತ್ತ ‘ಪರಿಪೂರ್ಣ ಸೀಸನ್’ ಎಂದು ಅಣಕು ಮೆರವಣಿಗೆ ಹೊರಟರು. ಅಂಥವರ ತಂಡ ಎಂದಾದರೂ ಗೆದ್ದರೆ ಆ ಗೆಲುವು ಅವರದೇ. ಅದೇ ವಾರ ಅಂಗಿ ಕೊಂಡವನಿಗೆ ಅದರ ರುಚಿ ಸಿಗಲಾರದು. 32 ವರ್ಷ ಕಾದ ಡೆಟ್ರಾಯಿಟ್‌ನವರ ಆ ರಾತ್ರಿ ಎರವಲು ಸಿಗುವ ವಸ್ತುವಲ್ಲ. ಇಷ್ಟೂ ನಿಜ. ಆದರೆ ಇದರಿಂದ ಸಿದ್ಧವಾಗುವುದು ಎರಡು ಸಂತೋಷಗಳು ಸಮವಲ್ಲ ಎಂಬುದಷ್ಟೇ. ಒಂದು ದೊಡ್ಡದೆಂದು ಇನ್ನೊಂದು ಪಾಪವಾಗುವುದಿಲ್ಲ. ಮದುವೆಮನೆಯಲ್ಲಿ ಹೆಣ್ಣಿನ ತಾಯಿಯ ಸಡಗರ ನೆಂಟರಿಗಿರುವುದಿಲ್ಲ. ಹಾಗೆಂದು ನೆಂಟರನ್ನು ಊಟಕ್ಕೇ ಕೂರಿಸದೆ ಕಳಿಸುತ್ತಾರೆಯೇ?

ಗೆದ್ದೆತ್ತಿನ ಬಾಲ ಹಿಡಿಯುವವನಲ್ಲಿ ನಿಜವಾಗಿ ಅಸಹ್ಯವಾದದ್ದು ಅವನ ಸುಳ್ಳು. ನಿನ್ನೆ ಚೀಫ್ಸ್ ಅಂಗಿ ಕೊಂಡು, ‘ನಾನು ಹುಟ್ಟಿನಿಂದಲೂ ಚೀಫ್ಸ್’ ಎನ್ನುವವನನ್ನು ಬೈಯಲಿ. ‘ನನ್ನ ತಂಡ ಹೋಯಿತು, ಈ ತಿಂಗಳು ಇವರ ಕಡೆ, ಕಾರಣ ಇಂಥದ್ದು’ ಎನ್ನುವವನನ್ನೂ ಅದೇ ಸಾಲಿನಲ್ಲಿ ನಿಲ್ಲಿಸುವುದು ವಿವೇಚನೆಯ ಸೋಮಾರಿತನ.

ಕಾರಣ ಎಂಬಲ್ಲಿ ಇನ್ನೊಂದು ರೂಢಿಯನ್ನೂ ಕೆಣಕಬೇಕಾಗುತ್ತದೆ. ಸ್ವಲ್ಪ ಉದಾರಿಗಳಾದವರು ‘ಆರಿಸಲೇಬೇಕಿದ್ದರೆ ದುರ್ಬಲರ ಕಡೆ ನಿಲ್ಲು’ ಎನ್ನುತ್ತಾರೆ. ಕೇಳಲು ಚಂದ. ಆದರೆ ದುರ್ಬಲರು ಯಾರು? 2018ರ ಜನವರಿಯಲ್ಲಿ ಫಿಲಡೆಲ್ಫಿಯಾ ಈಗಲ್ಸ್ ತನ್ನ ಗುಂಪಿನ ಅಗ್ರಸ್ಥಾನದಲ್ಲಿದ್ದೂ, ಮುಖ್ಯ ಕ್ವಾರ್ಟರ್‌ಬ್ಯಾಕ್ ಗಾಯಗೊಂಡಿದ್ದರಿಂದ, ಸ್ವಂತ ಅಂಗಳದಲ್ಲೇ ಸೋಲುವ ತಂಡವೆಂದು ಬಾಜಿಯವರು ಬರೆದರು. ಅಟ್ಲಾಂಟಾವನ್ನು ಸೋಲಿಸಿದ ಮೇಲೆ ಈಗಲ್ಸ್ ಆಟಗಾರರು ನಾಯಿಯ ಮುಖವಾಡ ತೊಟ್ಟು ಮೆರೆದರು, ಕೊನೆಗೆ ಸೂಪರ್ ಬೌಲನ್ನೂ ಗೆದ್ದರು. ಇತ್ತ 2011ರ ಜನವರಿ 8ರಂದು ಏಳು ಗೆಲುವು, ಒಂಬತ್ತು ಸೋಲಿನ ಸಿಯಾಟಲ್ ಸೀಹಾಕ್ಸ್, ವಿಭಾಗ ಗೆದ್ದ ಏಕೈಕ ಕಾರಣಕ್ಕೆ, 11 ಪಂದ್ಯ ಗೆದ್ದಿದ್ದ ಹಾಲಿ ಚಾಂಪಿಯನ್ ನ್ಯೂ ಆರ್ಲಿಯನ್ಸ್ ಸೇಂಟ್ಸ್ ಅನ್ನು ತನ್ನ ಊರಿಗೇ ಕರೆಸಿಕೊಂಡಿತು. 41–36ರಿಂದ ಗೆದ್ದೂ ಬಿಟ್ಟಿತು. ಮಾರ್ಶಾನ್ ಲಿಂಚ್ 67 ಗಜ ಓಡಿದಾಗ ಪ್ರೇಕ್ಷಕರ ಕುಣಿತ ಭೂಕಂಪಮಾಪಕದಲ್ಲಿ ದಾಖಲಾಯಿತು. ಸೀಹಾಕ್ಸ್ ದುರ್ಬಲರೋ, ಹೆಚ್ಚು ಗೆದ್ದೂ ದೂರ ಪ್ರಯಾಣ ಮಾಡಬೇಕಾದ ಸೇಂಟ್ಸ್ ಅನ್ಯಾಯಕ್ಕೊಳಗಾದವರೋ? ಸೂತ್ರ ಇದನ್ನು ಹೇಳದು. ಆಟಗಾರ, ಊರಿನ ಕಥೆ, ಆಡುವ ಶೈಲಿ, ಹಳೆಯ ಋಣ, ಹಳೆಯ ಅನ್ಯಾಯ ಎಲ್ಲವನ್ನೂ ತೂಗಿ ಪ್ರತಿ ಪಂದ್ಯಕ್ಕೂ ಹೊಸದಾಗಿ ತೀರ್ಮಾನಿಸಬೇಕು. ಹುಟ್ಟಿನಿಂದ ಬಂದ ತಂಡಕ್ಕೆ ಅಷ್ಟು ಯೋಚನೆ ಬೇಡ.

ನೋಡದಿರುವುದಕ್ಕೂ ಹೀಗೆ ಕಾರಣವಿರಬಹುದು. 2019ರ ಜನವರಿ 20ರಂದು ಸೇಂಟ್ಸ್ ವಿರುದ್ಧ ರ್‍ಯಾಮ್ಸ್ ಆಟಗಾರ ಎಸಗಿದ ಕಣ್ಣಿಗೆ ರಾಚುವಂಥ ತಪ್ಪನ್ನು ರೆಫರಿಗಳು ಗುರುತಿಸಲಿಲ್ಲ. ಸೇಂಟ್ಸ್ ಓವರ್‌ಟೈಮ್‌ನಲ್ಲಿ ಸೋತಿತು. ನ್ಯೂ ಆರ್ಲಿಯನ್ಸ್ ಆ ವರ್ಷದ ಸೂಪರ್ ಬೌಲ್ ಅನ್ನು ಬಹಿಷ್ಕರಿಸಿ ಬೀದಿಯಲ್ಲಿ ಹಬ್ಬ ಮಾಡಿತು. ಅಲ್ಲಿನ ವೀಕ್ಷಣೆ ಹಿಂದಿನ ವರ್ಷದ ಹೆಚ್ಚುಕಡಿಮೆ ಅರ್ಧಕ್ಕೆ ಬಿತ್ತು. ಹಿಂದಿನ ವರ್ಷವೂ ಸೂಪರ್ ಬೌಲ್‌ನಲ್ಲಿ ಸೇಂಟ್ಸ್ ಇರಲಿಲ್ಲ ಎಂಬುದನ್ನು ಮರೆಯಬಾರದು. ತಂಡವಿಲ್ಲದಾಗಲೂ ನೋಡುತ್ತಿದ್ದ ಊರು ಅನ್ಯಾಯವಾದಾಗ ನೋಡಲಿಲ್ಲ.

ಹುಟ್ಟೂರಿನ ವಾದ ಪೂರಾ ಕೈಕೊಡುವುದು ವಲಸಿಗರ ಮನೆಯಲ್ಲಿ. ದಾವಣಗೆರೆಯಲ್ಲೋ ಹಾಸನದಲ್ಲೋ ಬೆಳೆದು, ಇಪ್ಪತ್ತೈದರಲ್ಲಿ ಓಹಿಯೊಗೋ ಟೆಕ್ಸಸ್‌ಗೋ ಹೋಗಿ, ಕೆಲಸ ಬದಲಾದಂತೆ ಊರು ಬದಲಿಸುವ ಕನ್ನಡಿಗನಿಗೆ ಅಪ್ಪನಿಂದ ಬಂದ ಫುಟ್‌ಬಾಲ್ ತಂಡ ಎಲ್ಲಿಂದ ಸಿಗಬೇಕು? ಅವನ ಮಗಳು ಶಾಲೆಯಿಂದ ಕಲಿತು ಬಂದ ತಂಡವೇ ಮನೆಯ ಮೊದಲ ತಂಡ. ಬೆಂಗಳೂರಿನಲ್ಲಿ ಸೋಮವಾರ ಬೆಳಗಿನ ಐದು ಗಂಟೆಗೆ ಎದ್ದು ಸೂಪರ್ ಬೌಲ್ ಹಚ್ಚುವವನಿಗಂತೂ ಹುಟ್ಟೂರಿನ ತಂಡವೇ ಇಲ್ಲ. ಇವರು ಆರಿಸಿಕೊಂಡೇ ಅಭಿಮಾನಿಗಳಾಗಬೇಕು. ಸ್ಮೃತಿ ಅವರನ್ನು ಹೊಸ್ತಿಲಾಚೆಯೇ ನಿಲ್ಲಿಸುತ್ತದೆ.

ಲೀಗಿನ ಮಾಲೀಕರಿಗೆ ಈ ಮಡಿವಂತಿಕೆ ಇಲ್ಲ. 2024ರ ಜನವರಿ 13ರಂದು ಚೀಫ್ಸ್ ಮತ್ತು ಮಯಾಮಿ ಡಾಲ್ಫಿನ್ಸ್ ನಡುವಿನ ವೈಲ್ಡ್ ಕಾರ್ಡ್ ಪಂದ್ಯವನ್ನು ದೇಶದ ಉಳಿದೆಡೆ ಪೀಕಾಕ್ ಎಂಬ ಚಂದಾ ವಾಹಿನಿಯಲ್ಲಿ ಮಾತ್ರ ತೋರಿಸಿದರು. ಕನ್ಸಾಸ್ ಸಿಟಿ ಮತ್ತು ಮಯಾಮಿಯಲ್ಲಿ ಅದು ಎಂದಿನ ಟಿ.ವಿ.ಯಲ್ಲಿ ಉಚಿತ. ಅಂದರೆ ಸ್ವಂತ ಊರಿನ ನಿಷ್ಠನಿಂದ ಅಂದು ಹಣ ಕೇಳಲಿಲ್ಲ. ಎರವಲು ಅಭಿಮಾನಿಯಿಂದ ಕೇಳಿದರು. ಮೈನಸ್ 20 ಡಿಗ್ರಿ ಸೆಲ್ಸಿಯಸ್ ಚಳಿಯಲ್ಲಿ ನಡೆದ, 26–7ರ ಏಕಪಕ್ಷೀಯ ಪಂದ್ಯಕ್ಕೂ ಸುಮಾರು 2 ಕೋಟಿ 30 ಲಕ್ಷ ವೀಕ್ಷಕರು ಸಿಕ್ಕರು. ಜೇಬಿನ ಮಟ್ಟಿಗೆ ಪೂರ್ಣ ಅಭಿಮಾನಿ, ಗೌರವದ ಮಟ್ಟಿಗೆ ಅನಾಮಧೇಯ ಎಂಬ ಈ ಏರ್ಪಾಡನ್ನು ವ್ರತಸ್ಥರು ಪ್ರಶ್ನಿಸಿದ್ದು ಕಾಣೆ.

ಬೇರೆಯವರ ಪಂದ್ಯದಲ್ಲಿ ಮನಸ್ಸಿಡುವವರಿಂದ ಆಟಕ್ಕೆ ಏನಾದರೂ ಒಳಿತಾಗಿದೆಯೇ ಎಂದರೆ, ಓವರ್‌ಟೈಮ್ ನಿಯಮದ ಕಥೆ ಇದೆ. 2019ರ ಜನವರಿಯಲ್ಲಿ ಚೀಫ್ಸ್ ಓವರ್‌ಟೈಮ್‌ನಲ್ಲಿ ಚೆಂಡನ್ನೇ ಮುಟ್ಟದೆ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್‌ಗೆ ಸೋತಿತು. ಟಾಸ್ ಗೆದ್ದವರು ಮೊದಲ ಸರದಿಯಲ್ಲೇ ಟಚ್‌ಡೌನ್ ಮಾಡಿದರೆ ಆಟ ಮುಗಿದಂತೆ. ಇಬ್ಬರಿಗೂ ಒಂದೊಂದು ಸರದಿ ಕೊಡಿ ಎಂದು ಚೀಫ್ಸ್ ಸಲ್ಲಿಸಿದ ಪ್ರಸ್ತಾವ ಅಂಗೀಕಾರವಾಗಲಿಲ್ಲ. ಸೋತವರ ಗೊಣಗಾಟ ಎನಿಸಿತು. 2022ರ ಜನವರಿ 23ರಂದು ಅದೇ ಚೀಫ್ಸ್ ಅದೇ ನಿಯಮದಿಂದ ಬಿಲ್ಸ್ ವಿರುದ್ಧ 42–36ರಿಂದ ಗೆದ್ದಿತು. ನಿಗದಿತ ಸಮಯದ ಕೊನೆಯ ಎರಡು ನಿಮಿಷಗಳಲ್ಲಿ ಎರಡೂ ತಂಡ ಸೇರಿ 25 ಅಂಕ ಗಳಿಸಿದ್ದ ಆ ಅದ್ಭುತ ಪಂದ್ಯದಲ್ಲಿ ಬಫಲೋದ ಜಾಶ್ ಆ್ಯಲನ್‌ಗೆ ಓವರ್‌ಟೈಮ್‌ನಲ್ಲಿ ಚೆಂಡು ಸಿಗಲೇ ಇಲ್ಲ. ಈ ಬಾರಿ ದನಿ ಎತ್ತಿದ್ದು ಬಫಲೋ ಒಂದೇ ಅಲ್ಲ. ಎರಡೂ ತಂಡಗಳ ನಂಟಿಲ್ಲದೆ, ಆ ರಾತ್ರಿಗಾಗಿ ಮಾತ್ರ ಬಿಲ್ಸ್ ಪರವೋ ಚೀಫ್ಸ್ ಪರವೋ ಕೂತಿದ್ದ ದೇಶವಿಡೀ ಇದು ಸರಿಯಲ್ಲ ಎಂದಿತು. ಎರಡು ತಿಂಗಳಲ್ಲಿ ಇಂಡಿಯಾನಾಪೊಲಿಸ್ ಮತ್ತು ಫಿಲಡೆಲ್ಫಿಯಾ, ಅಂದು ಆಡದಿದ್ದ ಎರಡು ತಂಡಗಳು, ತಂದ ಅಂಥದೇ ಪ್ರಸ್ತಾವಕ್ಕೆ ಮಾಲೀಕರು 29–3ರಿಂದ ಒಪ್ಪಿಗೆ ಕೊಟ್ಟರು. ಪ್ಲೇಆಫ್‌ಗಷ್ಟೇ ಸೀಮಿತವಾಗಿದ್ದ ಆ ನಿಯಮವನ್ನು 2025ರಲ್ಲಿ ಲೀಗ್ ಹಂತದ ಪಂದ್ಯಗಳಿಗೂ ವಿಸ್ತರಿಸಲಾಯಿತು. ತಮ್ಮ ತಂಡ ಹೋದೊಡನೆ ಟಿ.ವಿ. ಆರಿಸಿ ಮಲಗಿದ ವ್ರತಸ್ಥರ ತಂಡಗಳೂ ಈಗ ಸೆಪ್ಟೆಂಬರ್‌ನಿಂದಲೇ ಆಡುವುದು ಆ ನಿಯಮದ ಪ್ರಕಾರವೇ.